ಅಂಕಿತವೂ ಕೀಲಿಕೈಯೂ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವೆ ಹಬ್ಬಿರುವ ರಾಯಚೂರು ಸೀಮೆಗೆ ಎಡೆದೊರೆನಾಡು ಎಂಬ ಪ್ರಾಚೀನ ಹೆಸರುಂಟು. ಹದಿನೆಂಟನೆಯ ಶತಮಾನದಲ್ಲಿ ಈ ನಾಡಿನಲ್ಲಿ ದಾಸಸಾಹಿತ್ಯವು ಹೊಸ ಚೈತನ್ಯವನ್ನು ಪಡೆಯಿತು. ಮಾನ್ವಿ ತಾಲ್ಲೂಕಿನ ಚೀಕಲಪರವಿಯಲ್ಲಿ ವಿಜಯದಾಸರೂ, ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನಲ್ಲಿ ಗೋಪಾಲದಾಸರೂ, ಮಾನ್ವಿಯ ಪರಿಸರದ ಬ್ಯಾಗವಾಟದಲ್ಲಿ ಜಗನ್ನಾಥದಾಸರೂ ಜನಿಸಿದರು. ಇವರ ಕೀರ್ತನೆ, ಸುಳಾದಿಗಳನ್ನು ಇಂದಿಗೂ ಜನರು ಹಾಡುತ್ತಾರೆ.

ಹಾಡಿನ ಕೊನೆಯ ನುಡಿಯಲ್ಲಿ ದಾಸರು ತಮ್ಮ ಸ್ವಂತ ಹೆಸರನ್ನು ಹೇಳುವುದಿಲ್ಲ; ಇಷ್ಟದೈವದ ಹೆಸರನ್ನು ಇರಿಸುತ್ತಾರೆ. ಇದಕ್ಕೆ ಅಂಕಿತ ಅಥವಾ ಮುದ್ರಿಕೆ ಎಂದು ಹೆಸರು. ವಿಜಯದಾಸರ ಅಂಕಿತ ‘ವಿಜಯವಿಠ್ಠಲ’, ಗೋಪಾಲದಾಸರದು ‘ಗೋಪಾಲವಿಠ್ಠಲ’, ‘ಹರಿಕಥಾಮೃತಸಾರ’ವನ್ನು ರಚಿಸಿದ ಜಗನ್ನಾಥದಾಸರದು ‘ಜಗನ್ನಾಥವಿಠ್ಠಲ’. ಅಂಕಿತವನ್ನು ತಾವೇ ಆರಿಸಿಕೊಳ್ಳುವ ಪದ್ಧತಿ ಇರಲಿಲ್ಲ. ಗುರುವು ಶಿಷ್ಯನಿಗೆ ಅದನ್ನು ಅನುಗ್ರಹಿಸುತ್ತಿದ್ದನು. ವಿಜಯದಾಸರು ಗೋಪಾಲದಾಸರಿಗೆ ಅಂಕಿತವನ್ನಿತ್ತರು. ಗೋಪಾಲದಾಸರ ಆದೇಶದಂತೆ ಪಂಢರಪುರಕ್ಕೆ ಹೋದ ಜಗನ್ನಾಥದಾಸರಿಗೆ ಚಂದ್ರಭಾಗಾ ನದಿಯಲ್ಲಿ ಅಂಕಿತವು ದೊರೆಯಿತೆಂದು ಸಂಪ್ರದಾಯವು ಹೇಳುತ್ತದೆ. ಹೀಗೆ ‘ಈತನು ನಮ್ಮವನು’ ಎಂದು ಹಿರಿಯರು ಹೇಳುವ ಮಾತು ಅಂಕಿತದ ಹಿಂದೆ ಇರುತ್ತಿತ್ತು.

ಆದರೆ ಅಂಕಿತಕ್ಕೂ ಒಂದು ಮಿತಿಯುಂಟು. ದಾಸರ ಪದಗಳು ಬಾಯಿಂದ ಬಾಯಿಗೆ, ಓಲೆಯಿಂದ ಓಲೆಗೆ ಸಾಗಿಬಂದವು. ಹಾಡುವವರ ನೆನಪಿನಲ್ಲಿ ಮಾತು ಬದಲಾಯಿತು. ನಕಲು ಮಾಡುವವರ ಕೈಯಲ್ಲಿ ಸಾಲು ತಪ್ಪಿತು. ಯಾರೋ ಕಟ್ಟಿದ ಪದದ ಕೊನೆಗೆ ಪ್ರಸಿದ್ಧವಾದ ಅಂಕಿತವನ್ನು ಸೇರಿಸುವುದು ಕಷ್ಟದ ಕೆಲಸವಲ್ಲ. ಆದುದರಿಂದಲೇ ವಿದ್ವಾಂಸರು ಅಂಕಿತವೊಂದನ್ನೇ ನಂಬದೆ ಭಾಷೆ, ಛಂದಸ್ಸು, ಹಸ್ತಪ್ರತಿಗಳ ಪಾಠಾಂತರ ಇವುಗಳನ್ನು ತೂಗಿ ನೋಡಿ ಕೃತಿಯ ಕರ್ತೃವನ್ನು ನಿರ್ಣಯಿಸುತ್ತಾರೆ. ರಾಯಚೂರು ಕೋಟೆಯ ಗೋಡೆಯಲ್ಲಿರುವ 1294ರ ಶಾಸನವನ್ನು ಭಾರಿ ಕಲ್ಲಿನ ಮೇಲೆ ಕೊರೆಯಲಾಗಿದೆ. ಕಲ್ಲನ್ನು ತಿದ್ದಿದರೆ ಉಳಿಯ ಗಾಯವು ಕಣ್ಣಿಗೆ ಬೀಳುತ್ತದೆ. ಹಾಡಿಗೆ ಅಂತಹ ರಕ್ಷಣೆ ಇಲ್ಲ.

‘ಇದನ್ನು ಬರೆದವರು ಯಾರು? ಬರೆದಂತೆಯೇ ಇದು ಉಳಿದಿದೆಯೆ?’ ಎಂಬ ಈ ಎರಡು ಪ್ರಶ್ನೆಗಳೇ ಇಂದು ಗಣಕಯಂತ್ರದ ಲೋಕದಲ್ಲಿಯೂ ತಲೆಯೆತ್ತಿವೆ. ಬ್ಯಾಂಕು, ಆಸ್ಪತ್ರೆ, ರೈಲ್ವೆ ಇವೆಲ್ಲವೂ ತಂತ್ರಾಂಶವನ್ನು ಅವಲಂಬಿಸಿವೆ. ಒಂದು ತಂತ್ರಾಂಶವನ್ನು ನೂರಾರು ಜನರು ಬೇರೆಬೇರೆ ಊರುಗಳಲ್ಲಿ ಕುಳಿತು ಬರೆಯುತ್ತಾರೆ. ಯಾರು ಯಾವಾಗ ಏನನ್ನು ಬದಲಿಸಿದರು ಎಂಬ ಲೆಕ್ಕವನ್ನು ಇಡಲು ‘ಆವೃತ್ತಿ ನಿಯಂತ್ರಣ’ ಎಂಬ ವ್ಯವಸ್ಥೆ ಇದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಗಿಟ್’. ಲಿನಸ್ ಟೋರ್ವಾಲ್ಡ್ಸ್ ಎಂಬುವರು 2005ರಲ್ಲಿ ಇದನ್ನು ರಚಿಸಿದರು.

ಗಿಟ್‌ನಲ್ಲಿ ದಾಖಲಾಗುವ ಪ್ರತಿಯೊಂದು ಬದಲಾವಣೆಗೂ ‘ಕಮಿಟ್’ ಎಂದು ಹೆಸರು. ಕಡತಗಳ ಸ್ಥಿತಿ, ಬರೆದವರ ಹೆಸರು, ಕಾಲ, ಹಿಂದಿನ ಕಮಿಟ್‌ನ ಗುರುತು ಇವೆಲ್ಲವನ್ನೂ ಗಣಿತದ ಒಂದು ಕ್ರಮಕ್ಕೆ ಒಳಪಡಿಸಿ ‘ಹ್ಯಾಷ್’ ಎಂಬ ಸಂಖ್ಯೆಯನ್ನು ಪಡೆಯಲಾಗುತ್ತದೆ. ಗಿಟ್‌ನಲ್ಲಿ ರೂಢಿಯಲ್ಲಿರುವ ಹ್ಯಾಷ್‌ಗೆ 40 ಅಕ್ಷರಗಳ ಉದ್ದವಿರುತ್ತದೆ. ಒಂದು ಅಲ್ಪವಿರಾಮವನ್ನು ಬದಲಿಸಿದರೂ ಈ ಸಂಖ್ಯೆ ಬೇರೆಯಾಗುತ್ತದೆ. ಪ್ರತಿ ಕಮಿಟ್ ತನ್ನ ಹಿಂದಿನದರ ಹ್ಯಾಷನ್ನು ಹೊತ್ತಿರುವುದರಿಂದ, ಹಳೆಯದೊಂದನ್ನು ತಿದ್ದಿದರೆ ಅನಂತರದ ಎಲ್ಲ ಗುರುತುಗಳೂ ಬದಲಾಗುತ್ತವೆ. ‘ಬರೆದಂತೆಯೇ ಉಳಿದಿದೆಯೆ’ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ಹೀಗೆ.

ಆದರೆ ‘ಬರೆದವರು ಯಾರು’ ಎಂಬುದಕ್ಕೆ ಹ್ಯಾಷ್ ಉತ್ತರ ಕೊಡಲಾರದು. ಗಿಟ್‌ನಲ್ಲಿ ಬರೆದವರ ಹೆಸರನ್ನು ಬಳಕೆದಾರನೇ ತುಂಬುತ್ತಾನೆ. ಅವನು ಬೇರೆಯವರ ಹೆಸರನ್ನು ತುಂಬಿದರೂ ಅದು ಪ್ರಶ್ನಿಸುವುದಿಲ್ಲ. 2021ರ ಮಾರ್ಚ್ ತಿಂಗಳಿನಲ್ಲಿ ಇದರ ಅಪಾಯವು ಬಯಲಾಯಿತು. ಅಸಂಖ್ಯ ಜಾಲತಾಣಗಳಿಗೆ ಆಧಾರವಾದ ಪಿಎಚ್‌ಪಿ ಭಾಷೆಯ ಮೂಲಸಂಕೇತಕ್ಕೆ ಯಾರೋ ಕಿಡಿಗೇಡಿಗಳು ಕಳ್ಳದಾರಿಯೊಂದನ್ನು ತೂರಿಸಿದರು. ಆ ಭಾಷೆಯನ್ನು ಸೃಷ್ಟಿಸಿದ ರಾಸ್ಮಸ್ ಲೆರ್ಡಾರ್ಫ್ ಮತ್ತು ಇನ್ನೊಬ್ಬ ಪ್ರಮುಖ ಲೇಖಕ ನಿಕಿತಾ ಪೊಪೊವ್ ಇವರ ಹೆಸರುಗಳಲ್ಲಿ ಆ ಕಮಿಟ್‌ಗಳು ಬಂದಿದ್ದವು. ಅಕ್ಷರದೋಷವನ್ನು ತಿದ್ದಿದುದಾಗಿ ಅವುಗಳಲ್ಲಿ ಬರೆದಿತ್ತು. ಸಹೋದ್ಯೋಗಿಗಳು ಎಚ್ಚರದಿಂದ ಓದಿದುದರಿಂದ ಕೆಲವೇ ಗಂಟೆಗಳಲ್ಲಿ ಮೋಸವು ಬೆಳಕಿಗೆ ಬಂದಿತು.

ಇಂತಹ ಮೋಸವನ್ನು ತಡೆಯುವ ಉಪಾಯವೇ ಅಂಕೀಯ ಸಹಿ. ಇದರ ಮೂಲತತ್ತ್ವವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದರು. ಸಹಿ ಮಾಡುವವನ ಬಳಿ ಒಂದಕ್ಕೊಂದು ಹೊಂದುವ ಎರಡು ಕೀಲಿಕೈಗಳಿರುತ್ತವೆ. ಗುಪ್ತಕೀಲಿಯನ್ನು ಅವನು ಯಾರಿಗೂ ಕೊಡುವುದಿಲ್ಲ. ಬಹಿರಂಗಕೀಲಿಯನ್ನು ಎಲ್ಲರಿಗೂ ಕೊಡುತ್ತಾನೆ. ಗುಪ್ತಕೀಲಿಯಿಂದ ಮಾಡಿದ ಸಹಿಯನ್ನು ಬಹಿರಂಗಕೀಲಿಯಿಂದ ಯಾರು ಬೇಕಾದರೂ ಪರೀಕ್ಷಿಸಬಹುದು. ಆದರೆ ಬಹಿರಂಗಕೀಲಿಯಿಂದ ಸಹಿಯನ್ನು ಸೃಷ್ಟಿಸಲು ಸಾಧ್ಯವಿಲ್ಲ. ಕಾಗದದ ಮೇಲಿನ ಸಹಿ ಎಲ್ಲ ಪತ್ರಗಳಲ್ಲಿಯೂ ಒಂದೇ ಬಗೆಯಾಗಿರುತ್ತದೆ. ಅಂಕೀಯ ಸಹಿಯು ಹಾಗಲ್ಲ. ಅದು ಪತ್ರದ ಒಂದೊಂದು ಅಕ್ಷರಕ್ಕೂ ಬೆಸೆದುಕೊಂಡಿರುತ್ತದೆ. ಒಂದು ಪತ್ರದಿಂದ ಕಿತ್ತು ಇನ್ನೊಂದಕ್ಕೆ ಅಂಟಿಸಿದರೆ ಪರೀಕ್ಷೆಯಲ್ಲಿ ಅದು ಸೋಲುತ್ತದೆ. ಭಾರತದಲ್ಲಿ 2000ದ ಮಾಹಿತಿ ತಂತ್ರಜ್ಞಾನ ಅಧಿನಿಯಮವು ಇಂತಹ ಸಹಿಗೆ ಕಾನೂನಿನ ಮನ್ನಣೆಯನ್ನು ನೀಡಿತು.

ಗಿಟ್‌ನಲ್ಲಿ ಇದನ್ನು ಅಳವಡಿಸುವ ಕ್ರಮವು ಸರಳವಾದುದು. ಮೊದಲು ಕೀಲಿಜೋಡಿಯನ್ನು ಸೃಷ್ಟಿಸಿ, ಗುಪ್ತಕೀಲಿಯನ್ನು ಗುಪ್ತಪದದಿಂದ ಭದ್ರಪಡಿಸಬೇಕು. ಬಹುಕಾಲದಿಂದ ಇದಕ್ಕೆ ಜಿಪಿಜಿ ಎಂಬ ಸಾಧನವನ್ನು ಬಳಸಲಾಗುತ್ತಿದೆ. 2021ರಿಂದ ಎಸ್‌ಎಸ್‌ಎಚ್ ಕೀಲಿಯನ್ನೂ ಬಳಸಬಹುದಾಗಿದೆ. ಎರಡನೆಯದಾಗಿ, ಯಾವ ಕೀಲಿಯಿಂದ ಸಹಿ ಮಾಡಬೇಕೆಂಬುದನ್ನು ‘ಯೂಸರ್.ಸೈನಿಂಗ್‌ಕೀ’ ಎಂಬ ಹೆಸರಿನಲ್ಲಿ ಗಿಟ್‌ಗೆ ತಿಳಿಸಬೇಕು. ಎಸ್‌ಎಸ್‌ಎಚ್ ಕೀಲಿಯಾದರೆ ‘ಜಿಪಿಜಿ.ಫಾರ್ಮ್ಯಾಟ್’ ಎಂಬಲ್ಲಿ ಅದನ್ನೂ ನಮೂದಿಸಬೇಕು. ಮೂರನೆಯದಾಗಿ, ‘ಕಮಿಟ್.ಜಿಪಿಜಿಸೈನ್’ ಎಂಬುದನ್ನು ನಿಜವೆಂದು ಗುರುತಿಸಿದರೆ ಅಂದಿನಿಂದ ಪ್ರತಿ ಕಮಿಟ್‌ಗೂ ತಾನಾಗಿಯೇ ಸಹಿ ಬೀಳುತ್ತದೆ.

ಇಲ್ಲಿಗೆ ಅರ್ಧ ಕೆಲಸ ಮಾತ್ರ ಮುಗಿಯಿತು. ಯಾರೂ ಪರೀಕ್ಷಿಸದ ಸಹಿಯು ಬರಿಯ ಅಲಂಕಾರ. ಕಮಿಟ್‌ನ ಸಹಿಯನ್ನು ಒರೆಗೆ ಹಚ್ಚಲು ‘ವೆರಿಫೈ-ಕಮಿಟ್’ ಎಂಬ ಆದೇಶವಿದೆ. ಎಸ್‌ಎಸ್‌ಎಚ್ ಸಹಿಯಾದರೆ, ಯಾವ ಕೀಲಿ ಯಾರದು ಎಂಬ ಪಟ್ಟಿಯೊಂದನ್ನು ಮೊದಲೇ ಸಿದ್ಧಪಡಿಸಿರಬೇಕು. ಬಹಿರಂಗಕೀಲಿಯನ್ನು ಪಟ್ಟಿಗೆ ಸೇರಿಸುವ ಮುನ್ನ ಅದು ನಿಜವಾಗಿ ಆ ವ್ಯಕ್ತಿಯದೇ ಎಂಬುದನ್ನು ಅವನಿಂದ ನೇರವಾಗಿ ತಿಳಿದುಕೊಳ್ಳುವುದು ಕ್ಷೇಮ. ಏಕೆಂದರೆ ‘ಈ ಕೀಲಿ ಇಂಥವರದು’ ಎಂಬ ಭರವಸೆಯನ್ನು ಗಣಿತವು ಕೊಡಲಾರದು. ಅದನ್ನು ಮನುಷ್ಯರೇ ಕೊಡಬೇಕು. ಗುರುವು ಶಿಷ್ಯನಿಗೆ ಅಂಕಿತವನ್ನಿತ್ತು ಸಮುದಾಯಕ್ಕೆ ಪರಿಚಯಿಸುತ್ತಿದ್ದ ಕಾರ್ಯವೇ ಇಲ್ಲಿ ಬೇರೊಂದು ರೂಪದಲ್ಲಿ ಕಾಣುತ್ತದೆ.

ಸಹಿಯು ನಿಜವಾಗಿದ್ದ ಮಾತ್ರಕ್ಕೆ ಸಹಿ ಮಾಡಿದವನು ಸಜ್ಜನನೆಂದು ಹೇಳಲಾಗದು. 2024ರಲ್ಲಿ ಎಕ್ಸ್‌ಝಡ್ ಎಂಬ ಉಪಯುಕ್ತ ತಂತ್ರಾಂಶದಲ್ಲಿ ಇಂತಹ ಘಟನೆ ನಡೆಯಿತು. ವರ್ಷಗಟ್ಟಲೆ ದುಡಿದು ವಿಶ್ವಾಸವನ್ನು ಗಳಿಸಿದ್ದ ನಿರ್ವಾಹಕನೇ ತನ್ನ ಸಹಿಯೊಡನೆ ಬಿಡುಗಡೆ ಮಾಡಿದ ಆವೃತ್ತಿಗಳಲ್ಲಿ ಕಳ್ಳದಾರಿ ಅಡಗಿತ್ತು. ಸಹಿಯ ಪರೀಕ್ಷೆ ಅದನ್ನು ಹಿಡಿಯಲಿಲ್ಲ. ಯಂತ್ರದೊಳಗೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ವಿಳಂಬವಾಗುತ್ತಿದ್ದುದನ್ನು ಕಂಡು ಸಂಶಯಪಟ್ಟ ಆಂಡ್ರೆಸ್ ಫ್ರಾಯ್ಂಡ್ ಎಂಬ ತಂತ್ರಜ್ಞರು ಅದನ್ನು ಪತ್ತೆಹಚ್ಚಿದರು. ಬರೆದವರು ಯಾರೆಂಬುದನ್ನು ಸಹಿ ತಿಳಿಸುತ್ತದೆ. ಬರೆದುದು ಒಳ್ಳೆಯದೇ ಎಂಬುದನ್ನು ಓದಿಯೇ ತಿಳಿಯಬೇಕು.

ರಾಯಚೂರಿನಲ್ಲಿ ಇಂದು 2019ರಲ್ಲಿ ಸ್ಥಾಪನೆಗೊಂಡ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆ ಇದೆ. ಅಂಕಿತದ ಮಹತ್ತ್ವವನ್ನು ಬಲ್ಲ ನಾಡಿನಲ್ಲಿಯೇ ಅಂಕೀಯ ವಿದ್ಯೆಯ ಕಲಿಕೆಯೂ ನಡೆಯುತ್ತಿರುವುದು ಸಂತೋಷದ ಸಂಗತಿ. ತನ್ನ ಬರಹಕ್ಕೆ ತಾನು ಹೊಣೆಯೆಂದು ಒಪ್ಪಿಕೊಳ್ಳುವುದು, ಪರರ ಬರಹವನ್ನು ಪರೀಕ್ಷಿಸಿಯೇ ಸ್ವೀಕರಿಸುವುದು — ಈ ಎರಡು ಗುಣಗಳು ಓಲೆಗರಿಯ ಕಾಲಕ್ಕೂ ಗಣಕಯಂತ್ರದ ಕಾಲಕ್ಕೂ ಸಮಾನವಾಗಿ ಸಲ್ಲುತ್ತವೆ.

ಅಭ್ಯಾಸ

1. ಅಂಕಿತ ಎಂದರೇನು? ಅದು ಶಿಷ್ಯನಿಗೆ ಹೇಗೆ ದೊರೆಯುತ್ತಿತ್ತು?
2. ಅಂಕಿತವೊಂದರಿಂದಲೇ ಕರ್ತೃವನ್ನು ನಿರ್ಣಯಿಸಲಾಗದು, ಏಕೆ?
3. ಗುಪ್ತಕೀಲಿ ಮತ್ತು ಬಹಿರಂಗಕೀಲಿಗಳಿಗಿರುವ ವ್ಯತ್ಯಾಸವನ್ನು ತಿಳಿಸಿರಿ.
4. ‘ಯಾರೂ ಪರೀಕ್ಷಿಸದ ಸಹಿಯು ಬರಿಯ ಅಲಂಕಾರ’ — ಈ ಮಾತನ್ನು ವಿವರಿಸಿರಿ.