ಪ್ಲಸ್ ಟು ಮಕ್ಕಳೇ, ಕಟ್ ಆಫ್ ಲೆಕ್ಕ ಈಗಲೇ ತಿಳಿಯಿರಿ

ಹೊಸೂರು, ತಳಿ, ಡೆಂಕಣಿಕೋಟೆ, ಕೃಷ್ಣಗಿರಿಯ ಮಕ್ಕಳೇ, ತಮಿಳುನಾಡಿನ ಇಂಜಿನಿಯರಿಂಗ್ ಕೌನ್ಸೆಲಿಂಗ್‌ಗೆ ಪ್ರವೇಶ ಪರೀಕ್ಷೆ ಇಲ್ಲ. 2006ರ ಕಾಯ್ದೆ ಅದನ್ನು ರದ್ದುಪಡಿಸಿತು. ಸೀಟು ಸಿಗುವುದು ಪ್ಲಸ್ ಟು ಅಂಕದ ಮೇಲೆಯೇ.

ಈ ಅಂಕದಿಂದ ಕಟ್ ಆಫ್ ತೆಗೆಯುವ ಲೆಕ್ಕ ಸರಳ. ಗಣಿತದ ಅಂಕ ಪೂರ್ತಿ 100ಕ್ಕೆ, ಭೌತಶಾಸ್ತ್ರ, ರಸಾಯನಶಾಸ್ತ್ರದ್ದು ಅರ್ಧರ್ಧ, ಒಟ್ಟು 200. ಗಣಿತದಲ್ಲಿ 90, ಭೌತಶಾಸ್ತ್ರದಲ್ಲಿ 80, ರಸಾಯನಶಾಸ್ತ್ರದಲ್ಲಿ 84 ಬಂದರೆ 90+40+42, ಅಂದರೆ 172. ಗಣಿತದಲ್ಲಿ ನಾಲ್ಕಂಕ ಹೆಚ್ಚಿದರೆ ಕಟ್ ಆಫ್ ನಾಲ್ಕು ಏರುತ್ತದೆ, ಭೌತಶಾಸ್ತ್ರದಲ್ಲಾದರೆ ಎರಡೇ. ಹಾಗಾಗಿ ಗಣಿತಕ್ಕೆ ದಿನವೂ ಸಮಯ ಕೊಡಿ. ಭಾಷೆಯ ಅಂಕ ಇದಕ್ಕೆ ಸೇರದು. ಹಾಗೆಂದು ಅಲಕ್ಷಿಸಬೇಡಿ, ಪಾಸಾಗಲೇಬೇಕು.

ಆರರಿಂದ ಹನ್ನೆರಡನೇ ತರಗತಿವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲೇ ಓದಿದವರಿಗೆ ಶೇ. 7.5 ಒಳಮೀಸಲಾತಿಯಿದೆ. ವ್ಯಾಸಂಗ ಪ್ರಮಾಣಪತ್ರ ಮೊದಲೇ ಮಾಡಿಸಿಡಿ.

ಕರ್ನಾಟಕದ ಇಂಜಿನಿಯರಿಂಗ್ ಸೀಟಿನ ಮೇಲೆ ಕಣ್ಣಿದ್ದರೆ ಲೆಕ್ಕವೇ ಬೇರೆ: ಅಲ್ಲಿ ಅರ್ಧ ಬೋರ್ಡ್ ಅಂಕ, ಇನ್ನರ್ಧ ಸಿಇಟಿ (ಸಾಮಾನ್ಯ ಪ್ರವೇಶ ಪರೀಕ್ಷೆ) ಅಂಕ. ಹೊರನಾಡು, ಗಡಿನಾಡು ಕನ್ನಡಿಗರಿಗೆ ಪ್ರತ್ಯೇಕ ನಿಯಮ, ಕನ್ನಡ ಭಾಷಾ ಪರೀಕ್ಷೆ ಇವೆ. ನೀವು ಅರ್ಜಿ ಹಾಕುವ ವರ್ಷದ ಮಾಹಿತಿ ಪುಸ್ತಕ ಓದಿ, ನಿಮಗೆ ಯಾವ ನಿಯಮ ಅನ್ವಯವಾಗುತ್ತದೆಂದು ನೋಡಿ, ಕೊನೆಯ ದಿನಾಂಕಕ್ಕೆ ಮುಂಚೆಯೇ ಅರ್ಜಿ ಹಾಕಿ.