ಪುಣೆಗೆ ಅರ್ಜಿ ಹಾಕುವ ಮಗಳಿಗೆ

ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕುತ್ತೇನೆ ಅಂದೆಯಲ್ಲ ಮಗಳೇ, ತುಂಬಾ ಸಂತೋಷವಾಯಿತು. ನಮ್ಮ ತಿಪಟೂರಿನ ಮನೆಯಿಂದ ಈ ಕೆಲಸಕ್ಕೆ ಬರುವವಳು ನೀನು ಎರಡನೆಯವಳಾಗುತ್ತೀಯ. ಜೀವಮಾನವೆಲ್ಲ ಹೆಡ್‌ಫೋನ್ ಹಾಕಿಕೊಂಡು ಸಿನಿಮಾದ ಸದ್ದುಗಳ ಜೊತೆ ಕಳೆದ ಚಿಕ್ಕಪ್ಪ ನಾನು. ಅರ್ಜಿಯ ಕಾಲಂ ತುಂಬುವ ಮೊದಲು ನಿನ್ನ ಕಿವಿಯಲ್ಲಿ ಒಂದಿಷ್ಟು ಮಾತು ಹಾಕಬೇಕು ಅನ್ನಿಸಿ ಬರೆಯುತ್ತಿದ್ದೇನೆ.

ಮೊದಲನೆಯದು, ನಿರ್ದೇಶನಕ್ಕೇ ಅರ್ಜಿ ಹಾಕುತ್ತೇನೆ ಅಂದಿದ್ದರ ಬಗ್ಗೆ. ಬೇಡ ಅನ್ನುತ್ತಿಲ್ಲ. ಆದರೆ ಯಾಕೆ ಅಂತ ನಿನ್ನನ್ನು ನೀನೇ ಕೇಳಿಕೊ. ಸಿನಿಮಾ ಅಂದಕೂಡಲೇ ನಮಗೆ ನೆನಪಾಗುವುದು ನಟರು, ಬಿಟ್ಟರೆ ನಿರ್ದೇಶಕರು. ಬೇರೆ ಕೆಲಸಗಳ ಹೆಸರೇ ಗೊತ್ತಿಲ್ಲದೆ ನಿರ್ದೇಶನ ಅಂತ ಬರೆದುಬಿಡುವ ಮಕ್ಕಳು ಬಹಳ. ಅಲ್ಲಿ ಛಾಯಾಗ್ರಹಣ, ಸಂಕಲನ, ಶಬ್ದಗ್ರಹಣ, ಕಲಾ ನಿರ್ದೇಶನ, ಚಿತ್ರಕಥೆ, ನಟನೆ ಹೀಗೆ ಬೇರೆ ಬೇರೆ ವಿಭಾಗಗಳಿವೆ. ಒಂದೊಂದಕ್ಕೂ ಸೀಟು ಬೆರಳೆಣಿಕೆಯಷ್ಟು. ಇಡೀ ದೇಶದ ಮಕ್ಕಳು ಅದಕ್ಕೆ ಕಾದಿರುತ್ತಾರೆ. ಅಂಥ ಕಡೆ ಅರೆಮನಸ್ಸಿನಲ್ಲಿ ಆರಿಸಿಕೊಂಡ ವಿಭಾಗ ಸಂದರ್ಶನದ ಹೊತ್ತಿಗೆ ಬಯಲಾಗಿಬಿಡುತ್ತದೆ.

ಮೈಸೂರಿನ ವಿ.ಕೆ. ಮೂರ್ತಿಯವರ ವಿಷಯ ನಿನಗೆ ಹೇಳಬೇಕು. ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಹೋಗಿ ಗುರುದತ್ ಅವರ ಕ್ಯಾಮೆರಾಮನ್ ಆದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿನಲ್ಲಿ, ಖಾಲಿ ಸ್ಟುಡಿಯೋದ ಕತ್ತಲಿಗೆ ಮೇಲಿನಿಂದ ಒಂದು ಬೆಳಕಿನ ಕೋಲು ಇಳಿಯುತ್ತದೆ. ಅದರೊಳಗೆ ದೂಳು ತೇಲುತ್ತಿರುತ್ತದೆ. ಯಾವ ಲೈಟು ಇಟ್ಟರೂ ಅಂಥ ನೇರ ಬಿಸಿಲು ಸಿಗಲಿಲ್ಲ. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿ, ಹೊರಗಿನ ನಿಜವಾದ ಬಿಸಿಲನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸಿ ಒಳಗಿಳಿಸಿದರು. ಚಿತ್ರ ಆ ಕಾಲಕ್ಕೆ ಓಡಲಿಲ್ಲ. ಆ ಬೆಳಕನ್ನು ಮಾತ್ರ ಇವತ್ತಿಗೂ ಸಿನಿಮಾ ಶಾಲೆಗಳಲ್ಲಿ ತೋರಿಸುತ್ತಾರೆ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ, 2008ನೇ ಸಾಲಿನದು. ಅವರು ನಿರ್ದೇಶಕರಾಗಲಿಲ್ಲವಲ್ಲ ಅಂತ ಯಾರಿಗಾದರೂ ಅನ್ನಿಸಿದೆಯೇ?

ನೀನು ಬಿ.ಎಸ್ಸಿ. ಹುಡುಗಿ, ಪಿಯುಸಿಯಲ್ಲಿ ಫಿಸಿಕ್ಸ್ ಓದಿದ್ದೀಯ. ಸೌಂಡ್ ವಿಭಾಗಕ್ಕೆ ಅದನ್ನು ಕೇಳುತ್ತಾರೆ, ಹಾಗಾಗಿ ಆ ಬಾಗಿಲೂ ನಿನಗೆ ತೆರೆದಿದೆ. ನನ್ನ ಕಸುಬು ಅಂತ ನಿನ್ನನ್ನು ಈ ಕಡೆ ಎಳೆಯುತ್ತಿಲ್ಲ. ಹದಿನೈದು ದಿನ ಯೋಚನೆ ಮಾಡು. ಸಿನಿಮಾ ನೋಡಿ ಎದ್ದ ಮೇಲೆ ನಿನ್ನ ತಲೆಯಲ್ಲಿ ಉಳಿಯುವುದು ಮುಖವೋ, ಬೆಳಕೋ, ಮಾತೋ, ಒಂದು ದೃಶ್ಯದಿಂದ ಇನ್ನೊಂದಕ್ಕೆ ದಾಟಿದ ರೀತಿಯೋ, ಅದನ್ನು ಗಮನಿಸು. ಅದೇ ನಿನ್ನ ವಿಭಾಗ.

ಇನ್ನು ತಯಾರಿ. ಎಲ್ಲರೂ ಮಾಡುವುದೇನೆಂದರೆ, ದಪ್ಪ ಗೈಡ್ ತಂದು ಯಾವ ಚಿತ್ರಕ್ಕೆ ಯಾವ ವರ್ಷ ಯಾವ ಪ್ರಶಸ್ತಿ ಅಂತ ಉರುಹೊಡೆಯುವುದು. ಸ್ವಲ್ಪ ಮಟ್ಟಿಗೆ ಅದೂ ಬೇಕು. ವಸ್ತುನಿಷ್ಠ ಪ್ರಶ್ನೆಗಳ ಭಾಗದಲ್ಲಿ ಸಾಮಾನ್ಯ ಜ್ಞಾನ, ಸಿನಿಮಾ ಚರಿತ್ರೆ, ತರ್ಕ ಎಲ್ಲ ಕೇಳುತ್ತಾರೆ. ಕೆಲವು ವಾರ ಕೂತರೆ ಅಷ್ಟು ಕಲಿಯಬಹುದು. ಆದರೆ ಬರೆಯುವ ಭಾಗ ಅಂತ ಇನ್ನೊಂದಿದೆ. ಒಂದು ಸಂದರ್ಭ ಕೊಟ್ಟು ಅದನ್ನು ದೃಶ್ಯವಾಗಿ ಬರೆ ಅನ್ನುತ್ತಾರೆ, ಒಂದು ಜಾಗದ ಸದ್ದುಗಳನ್ನು ವಿವರಿಸು ಅನ್ನುತ್ತಾರೆ, ನಾಲ್ಕು ಸಾಲು ಕೊಟ್ಟು ಕಥೆ ಮುಂದುವರಿಸು ಅನ್ನುತ್ತಾರೆ. ಅಲ್ಲಿ ಗೈಡ್ ನಿನ್ನ ಕೈಹಿಡಿಯುವುದಿಲ್ಲ. ನೀನು ಇಲ್ಲಿಯವರೆಗೆ ಏನು ನೋಡಿದ್ದೀಯ, ಏನು ಕೇಳಿಸಿಕೊಂಡಿದ್ದೀಯ ಅನ್ನುವುದೊಂದೇ ಕೈಹಿಡಿಯುವುದು. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇದು. ಉಳಿದದ್ದೆಲ್ಲ ಇದರ ಸುತ್ತಮುತ್ತ.

ನಿನ್ನ ಅಜ್ಜಿಯನ್ನೇ ನೋಡು. ಅಟ್ಟದ ಮೇಲೆ ಹರಡಿದ ಕಾಯಿಗಳಲ್ಲಿ ಕೊಬ್ಬರಿ ಆಗಿರುವುದು ಯಾವುದು ಅಂತ ಅವರು ಹೇಗೆ ಹೇಳುತ್ತಾರೆ? ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಹೊಸ ಕಾಯಿಯಾದರೆ ನೀರು ಕುಲುಕುತ್ತದೆ. ತಿಂಗಳುಗಳು ಕಳೆದ ಹಾಗೆ ನೀರು ಇಂಗಿ ಆ ಸದ್ದು ಸಣ್ಣದಾಗುತ್ತದೆ. ನಡುವೆ ಒಂದು ಕಾಲ ಬರುತ್ತದೆ, ಎಷ್ಟು ಅಲ್ಲಾಡಿಸಿದರೂ ಕಾಯಿ ಮೂಕ. ಆಮೇಲೆ ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾದಾಗ ಗಿಟುಕು ಲೊಟಲೊಟ ಅನ್ನುತ್ತದೆ. ಮಚ್ಚು ಮುಟ್ಟುವ ಮೊದಲೇ ಅಜ್ಜಿಗೆ ಕಾಯಿಯ ಒಳಗೆಲ್ಲ ಕಂಡಿರುತ್ತದೆ. ನಾನು ಮೈಕ್ ಹಿಡಿಯುವುದನ್ನು ಕಲಿತದ್ದು ಸ್ಟುಡಿಯೋದಲ್ಲಿ. ಕೇಳುವುದನ್ನು ಕಲಿತದ್ದು ಆ ಅಟ್ಟದ ಮೇಲೆ, ಅಮ್ಮನ ಪಕ್ಕ ಕೂತು.

ನೀನೂ ಹಾಗೆ ಕೂರು. ಬೆಳಿಗ್ಗೆ ಹೊತ್ತು ಹುಟ್ಟುವ ಮುಂಚೆ ಜಗಲಿಯಲ್ಲಿ ಕಣ್ಣು ಮುಚ್ಚಿ ಕೂತು, ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊ. ‘ಹಕ್ಕಿಗಳ ಕಲರವ’ ಅಂತ ಬರೆಯಬೇಡ, ಅದು ಯಾರು ಬೇಕಾದರೂ ಬರೆಯುವುದು. ಯಾವ ಹಕ್ಕಿ, ಯಾವ ಕಡೆಯಿಂದ, ಎಷ್ಟು ದೂರದಿಂದ? ಎದುರು ಮನೆಯವರು ಅಂಗಳಕ್ಕೆ ನೀರು ಹಾಕಿದ ಸದ್ದಿಗೂ ಸಗಣಿ ನೀರು ಹಾಕಿದ ಸದ್ದಿಗೂ ಏನು ವ್ಯತ್ಯಾಸ? ಹುಬ್ಬಳ್ಳಿ ಕಡೆ ಹೋಗುವ ರೈಲು ಸ್ಟೇಷನ್ನಿನಲ್ಲಿ ನಿಂತದ್ದು, ನಿಲ್ಲದೆ ಹೋದದ್ದು ಮನೆಯಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತದೆ? ಎಪಿಎಂಸಿಯಲ್ಲಿ ಕೊಬ್ಬರಿ ಹರಾಜಿನ ದಿನ ಹೋಗಿ ನಿಲ್ಲು. ರೇಟು ಗೊತ್ತಾದ ಗಳಿಗೆಯಲ್ಲಿ ರೈತನ ಮುಖ ನೋಡು, ಕೈ ಏನು ಮಾಡುತ್ತಿದೆ ನೋಡು. ಬಾಯಲ್ಲಿ ‘ಆಗಲಿ ಬಿಡಿ’ ಅನ್ನುತ್ತಿರುವಾಗ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿರಬಹುದು. ಆ ಬೆರಳನ್ನು ಬರೆದುಕೊ. ದಿನಕ್ಕೆ ಒಂದು ಪುಟ ಸಾಕು, ಆದರೆ ತಪ್ಪಿಸಬೇಡ.

ಸಿನಿಮಾ ನೋಡುವ ಕ್ರಮವನ್ನೂ ಬದಲಿಸು. ಇನ್ನೂರು ಚಿತ್ರಗಳ ಪಟ್ಟಿ ಮಾಡಿಕೊಂಡು ಓಡುವುದಕ್ಕಿಂತ ಹತ್ತು ಚಿತ್ರ ಆರಿಸಿಕೊಂಡು ಒಂದೊಂದನ್ನೂ ಮತ್ತೆ ಮತ್ತೆ ನೋಡು. ಒಮ್ಮೆ ಕಥೆಗೆ, ಒಮ್ಮೆ ಸದ್ದು ಪೂರ್ತಿ ತೆಗೆದು ಬರೀ ಚಿತ್ರಕ್ಕೆ, ಒಮ್ಮೆ ಪರದೆಗೆ ಬೆನ್ನು ತಿರುಗಿಸಿ ಬರೀ ಸದ್ದಿಗೆ. ಸತ್ಯಜಿತ್ ರಾಯ್ ಅವರ 1955ರ ‘ಪಥೇರ್ ಪಾಂಚಾಲಿ’ಯಿಂದ ಶುರು ಮಾಡು. ಹರಿಹರ ಎಷ್ಟೋ ಕಾಲದ ಮೇಲೆ ಊರಿಗೆ ಬರುತ್ತಾನೆ, ತಂದ ಸಾಮಾನು ಒಂದೊಂದಾಗಿ ತೋರಿಸುತ್ತಾನೆ. ಮಗಳಿಗೆ ತಂದ ಸೀರೆಯನ್ನು ಹೆಂಡತಿ ಸರ್ಬಜಯಾಳ ಕೈಗೆ ಕೊಡುತ್ತಾನೆ. ಮಗಳು ದುರ್ಗಾ ತೀರಿಕೊಂಡಿದ್ದಾಳೆ, ಅವನಿಗೆ ಗೊತ್ತಿಲ್ಲ. ಸರ್ಬಜಯಾ ಬಾಯಿ ತೆರೆದು ಗೋಳಾಡುತ್ತಾಳೆ, ಆದರೆ ನಮಗೆ ಅವಳ ದನಿ ಕೇಳಿಸುವುದೇ ಇಲ್ಲ. ಆ ಜಾಗದಲ್ಲಿ ತಾರ್ ಶಹನಾಯಿ ಚೀರುತ್ತದೆ. ಆ ತಾಯಿಯ ಅಳುವನ್ನೇ ಕೇಳಿಸಿದ್ದರೆ ಏನಾಗುತ್ತಿತ್ತು, ಯಾಕೆ ಕೇಳಿಸಲಿಲ್ಲ ಅಂತ ಎರಡು ಪುಟ ಬರೆಯಲು ನಿನಗೆ ಸಾಧ್ಯವಾದರೆ ಆ ಚಿತ್ರ ನೋಡಿದ್ದೀಯ ಅಂತ ಅರ್ಥ. ಆಮೇಲೆ ಕನ್ನಡದ ನಿರ್ದೇಶಕ ಕಾಸರವಳ್ಳಿಯವರ ‘ಘಟಶ್ರಾದ್ಧ’ ನೋಡು. ದೊಡ್ಡವರ ಲೋಕದ ಕ್ರೌರ್ಯವೆಲ್ಲ ಅದರಲ್ಲಿ ನಾಣಿ ಅನ್ನುವ ಸಣ್ಣ ಹುಡುಗನ ಕಣ್ಣಿಗೆ ಬೀಳುತ್ತದೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗುತ್ತ ಹೋಗುತ್ತದೆ. ಕ್ಯಾಮೆರಾ ಯಾವಾಗ ಅವನ ಎತ್ತರದಲ್ಲಿರುತ್ತದೆ ಅಂತ ಗಮನಿಸು.

ಬರೆಯುವಾಗ ನೀನು ಎಡವಬಹುದಾದ ಒಂದು ಜಾಗ ಹೇಳುತ್ತೇನೆ. ಪರೀಕ್ಷೆ ಅಂದಕೂಡಲೇ ಮಕ್ಕಳು ಮುಂಬೈಗೋ ಪ್ಯಾರಿಸ್ಸಿಗೋ ಹೋಗಿಬಿಡುತ್ತಾರೆ. ಅಲಾರಂ ಹೊಡೆಯುತ್ತದೆ, ನಾಯಕ ಎದ್ದು ಸಿಗರೇಟು ಹಚ್ಚುತ್ತಾನೆ, ಕಿಟಕಿಯಾಚೆ ಮಳೆ, ಕೊನೆಗೆ ಒಂದು ಆತ್ಮಹತ್ಯೆ, ಇಲ್ಲವೇ ಎಲ್ಲ ಕನಸಾಗಿತ್ತು. ಇಂಥದ್ದನ್ನು ಓದಿ ಓದಿ ಉತ್ತರಪತ್ರಿಕೆ ನೋಡುವವರ ಕಣ್ಣು ಸೋತಿರುತ್ತದೆ. ನಿನಗೆ ಗೊತ್ತಿರುವ ಓಣಿಯನ್ನು ಬಿಟ್ಟು ಕದಲಬೇಡ. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗದಲ್ಲಿ ಮೊದಲ ಬಹುಮಾನ ಬಂದದ್ದು ಯಾವ ಚಿತ್ರಕ್ಕೆ ಗೊತ್ತೇ? ಪುಣೆಯ ಇದೇ ಸಂಸ್ಥೆಯಲ್ಲಿ ಓದುತ್ತಿದ್ದ, ಮೈಸೂರಿನಲ್ಲಿ ವೈದ್ಯಕೀಯ ಓದಿದ್ದ ಚಿದಾನಂದ ಎಸ್. ನಾಯ್ಕ್ ಮಾಡಿದ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’ ಅನ್ನುವ ಕನ್ನಡ ಕಿರುಚಿತ್ರಕ್ಕೆ. ಒಬ್ಬ ಮುದುಕಿ ಊರಿನ ಹುಂಜ ಕದ್ದುಬಿಡುತ್ತಾಳೆ, ಊರಿಗೆ ಬೆಳಗೇ ಆಗುವುದಿಲ್ಲ. ನಮ್ಮ ಅಜ್ಜಿಯರ ಬಾಯಲ್ಲಿದ್ದ ಜನಪದ ಕಥೆ. ಅದೂ ಮೂರು ವರ್ಷದ ಕೋರ್ಸಿನಲ್ಲಿ ಮಾಡಿದ್ದಲ್ಲ, ಒಂದು ವರ್ಷದ ಟೆಲಿವಿಷನ್ ಕೋರ್ಸಿನ ಚಿತ್ರ. ಆ ಕೋರ್ಸಿನ ಕಡೆಗೂ ಒಂದು ಕಣ್ಣಿರಲಿ.

ಇಂಗ್ಲಿಷಿನ ಭಯ ನಿನಗಿದೆ ಅಂತ ನನಗೆ ಗೊತ್ತು. ನೀನು ಹೇಳಲಿಲ್ಲ, ಆದರೂ ಗೊತ್ತು. ಪ್ರಶ್ನೆಪತ್ರಿಕೆ ಕನ್ನಡದಲ್ಲಿ ಇರುವುದಿಲ್ಲ ನಿಜ. ಹಾಗಂತ ದೊಡ್ಡ ದೊಡ್ಡ ಪದಗಳ ಬೆನ್ನು ಹತ್ತಬೇಡ. ಮೊದಲು ಕನ್ನಡದಲ್ಲಿ ಪೂರ್ತಿ ಯೋಚಿಸು, ದೃಶ್ಯ ಕಣ್ಣಿಗೆ ಕಟ್ಟಲಿ, ಆಮೇಲೆ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಅದನ್ನು ಇಳಿಸು. ‘ಮುದುಕಿ ಬಾಗಿಲು ತೆರೆಯುತ್ತಾಳೆ. ಹೊರಗೆ ಕತ್ತಲು. ಮತ್ತೆ ಮುಚ್ಚುತ್ತಾಳೆ.’ ಚಿತ್ರಕಥೆಗೆ ಬೇಕಾದ ಭಾಷೆ ಇಷ್ಟೇ. ಇಷ್ಟು ಇಂಗ್ಲಿಷ್ ನಿನಗೆ ಹೈಸ್ಕೂಲಿನಲ್ಲೇ ಬಂದಿದೆ. ನಿನ್ನ ಉದ್ದೇಶ ಬರೆದುಕೊಡು ಅಂತ ಎಲ್ಲಾದರೂ ಕೇಳಿದರೆ ದುಡ್ಡು ಕೊಟ್ಟು ಬರೆಸಬೇಡ, ಕಂಪ್ಯೂಟರಿನ ಕೈಲೂ ಬರೆಸಬೇಡ. ಸಂದರ್ಶನದಲ್ಲಿ ಅದರ ಒಂದೊಂದು ಸಾಲಿಗೂ ನೀನೇ ಜವಾಬು ಕೊಡಬೇಕಾಗುತ್ತದೆ.

ಸಂದರ್ಶನದಲ್ಲಿ ಎದುರಿಗೆ ಕೂರುವವರು ಇದೇ ಕಸುಬಿನವರು. ನಿನ್ನನ್ನು ಸೋಲಿಸಲು ಕೂತಿರುವುದಿಲ್ಲ, ಮುಂದೆ ವರ್ಷಗಟ್ಟಲೆ ಹಗಲೂ ರಾತ್ರಿ ಜೊತೆಯಲ್ಲಿ ಕೆಲಸ ಮಾಡಬಲ್ಲ ಮಕ್ಕಳನ್ನು ಹುಡುಕುತ್ತಿರುತ್ತಾರೆ. ಇಷ್ಟದ ಚಿತ್ರ ಯಾವುದು ಅಂದರೆ ನಿಜವಾಗಿ ಇಷ್ಟವಾದದ್ದನ್ನೇ ಹೇಳು, ಅದು ರಾಜ್‌ಕುಮಾರ್ ಚಿತ್ರವಾಗಿದ್ದರೂ ಸರಿ. ಹೇಳಿದ ಮೇಲೆ ಅದರ ಒಂದು ದೃಶ್ಯವನ್ನು ಬಿಡಿಸಿ ಹೇಳಲು ಬರಬೇಕು. ನೋಡದ ಚಿತ್ರವನ್ನು ನೋಡಿದ್ದೇನೆ ಅಂದರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀಯ. ‘ಗೊತ್ತಿಲ್ಲ ಸರ್’ ಅಂದರೆ ಯಾರೂ ಮಾರ್ಕ್ಸ್ ಕಿತ್ತುಕೊಳ್ಳುವುದಿಲ್ಲ. ಒಬ್ಬರು ನಿನ್ನ ಮಾತನ್ನು ಅಲ್ಲಗಳೆದರೆ ಗಾಬರಿಯಾಗಬೇಡ, ಜಗಳಕ್ಕೂ ಇಳಿಯಬೇಡ. ಅವರು ಹೇಳಿದ್ದು ಸರಿ ಅನ್ನಿಸಿದರೆ ಒಪ್ಪಿಕೊ, ಅನ್ನಿಸದಿದ್ದರೆ ಯಾಕೆ ಅಂತ ಮೆಲ್ಲಗೆ ಹೇಳು. ಟೀಕೆ ಕೇಳಿಸಿಕೊಂಡು ಕೆಲಸ ತಿದ್ದಿಕೊಳ್ಳಲು ಬರುತ್ತದೆಯೇ ಅಂತ ಅವರು ನೋಡುತ್ತಿರುತ್ತಾರೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಪರೀಕ್ಷೆಯ ಸ್ವರೂಪ, ಶುಲ್ಕ, ಕೊನೆಯ ದಿನಾಂಕ ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಸಂಸ್ಥೆಯೇ ಹೊರಡಿಸಿದ ಆ ವರ್ಷದ ಪ್ರಕಟಣೆಯನ್ನು ಮೊದಲಿನಿಂದ ಕೊನೆಯವರೆಗೆ ಓದು, ಹಿರಿಯ ವಿದ್ಯಾರ್ಥಿಗಳು ಹೇಳಿದ್ದನ್ನು ನಂಬಿ ಕೂರಬೇಡ. ಜಾತಿ, ಆದಾಯ ಪ್ರಮಾಣಪತ್ರ ಬೇಕಿದ್ದರೆ ಕೇಂದ್ರ ಸರ್ಕಾರದ ನಮೂನೆಯಲ್ಲಿ ಈಗಲೇ ಮಾಡಿಸಿಡು. ಕೋಲ್ಕತ್ತದಲ್ಲಿ 1995ರಲ್ಲಿ ಶುರುವಾದ ಸತ್ಯಜಿತ್ ರಾಯ್ ಇನ್‌ಸ್ಟಿಟ್ಯೂಟಿಗೂ ಅರ್ಜಿ ಹಾಕು.

ಅಪ್ಪನ ಆತಂಕ ನನಗೆ ಅರ್ಥವಾಗುತ್ತದೆ. ಕೆಲಸ ಸಿಗುತ್ತದೆಯೇ, ಮದುವೆಗೆ ತೊಂದರೆಯಾಗುತ್ತದೆಯೇ ಅಂತ ಅಣ್ಣ ಕೇಳಿದರೆ ನೀನು ಸಿಟ್ಟು ಮಾಡಿಕೊಳ್ಳಬೇಡ. ಈ ಕ್ಷೇತ್ರದಲ್ಲಿ ತಿಂಗಳ ಸಂಬಳ ಅನ್ನುವುದು ಎಲ್ಲರಿಗೂ ಸಿಗುವುದಿಲ್ಲ, ಓದು ಮುಗಿದ ಮೇಲೆ ಎರಡು ಮೂರು ವರ್ಷ ಕಷ್ಟವೇ. ಅದನ್ನು ಮುಚ್ಚಿಡಬೇಡ. ತೀರ್ಥಹಳ್ಳಿ ಕಡೆಯ ಕಾಸರವಳ್ಳಿಯವರು ಬಿ.ಫಾರ್ಮಾ ಮುಗಿಸಿ ಪುಣೆಗೆ ಹೋದವರು ಅಂತ ಹೇಳು. ಅಲ್ಲಿ ಓದು ಮುಗಿಸುವಾಗ ಮಾಡಿದ ‘ಅವಶೇಷ’ ಕಿರುಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಎರಡೇ ವರ್ಷಕ್ಕೆ ‘ಘಟಶ್ರಾದ್ಧ’ಕ್ಕೆ ಸ್ವರ್ಣಕಮಲ ಬಂತು. ಎಲ್ಲರಿಗೂ ಹಾಗಾಗುವುದಿಲ್ಲ ಅನ್ನುವುದನ್ನೂ ಸೇರಿಸಿಯೇ ಹೇಳು. ಪೂರ್ತಿ ನಿಜ ಹೇಳಿದ ಮಗಳ ಮಾತನ್ನು ಅಣ್ಣ ತೆಗೆದುಹಾಕುವವನಲ್ಲ.

ಮೊದಲ ಸಲವೇ ಆಗದೆ ಹೋಗಬಹುದು. ಅಷ್ಟು ಕಡಿಮೆ ಸೀಟಿರುವ ಕಡೆ ಯೋಗ್ಯರೂ ಹೊರಗುಳಿಯುತ್ತಾರೆ, ಅದರಿಂದ ನಿನಗೆ ಬರುವುದಿಲ್ಲ ಅಂತ ತೀರ್ಮಾನವಾಗುವುದಿಲ್ಲ. ಆಗದಿದ್ದರೆ ಬೆಂಗಳೂರಿಗೆ ಬಾ, ನಮ್ಮ ಮನೆಯಲ್ಲಿರು, ಒಂದು ವರ್ಷ ಎಡಿಟಿಂಗ್ ರೂಮಿನಲ್ಲೋ ಸೌಂಡ್ ಸ್ಟುಡಿಯೋದಲ್ಲೋ ಕೆಲಸಕ್ಕೆ ಸೇರಿಸುತ್ತೇನೆ. ಫೈಲಿಗೆ ಹೆಸರಿಡುವುದರಿಂದ ಶುರು ಮಾಡುವಿಯಂತೆ. ಮುಂದಿನ ವರ್ಷ ಮತ್ತೆ ಬರೆ.

ಸದ್ಯಕ್ಕೆ ಈ ವಾರ ಬರೆದ ಏಳು ಪುಟಗಳ ಫೋಟೋ ತೆಗೆದು ಭಾನುವಾರ ಕಳಿಸು. ಕನ್ನಡದಲ್ಲೇ ಇರಲಿ. ನಾನು ವ್ಯಾಕರಣ ತಿದ್ದುವುದಿಲ್ಲ. ಓದುವಾಗ ಎಲ್ಲಿ ನನಗೆ ಏನೂ ಕೇಳಿಸಲಿಲ್ಲವೋ ಅಲ್ಲಿ ಪೆನ್ಸಿಲಿನಲ್ಲಿ ಗೆರೆ ಎಳೆದು ವಾಪಸು ಕಳಿಸುತ್ತೇನೆ, ಅಷ್ಟನ್ನು ಮಾತ್ರ ಇನ್ನೊಮ್ಮೆ ಬರೆ.