ಫೋನಿನ ಭಯಕ್ಕೆ ಗ್ರಂಥಾಲಯವೇ ಮದ್ದು

ಹಂದನಕೆರೆ ಹೋಬಳಿಯ ಒಂದು ತೋಟದ ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮನೆಯ ಹಿರಿಯರಿಗೆ ಎಪ್ಪತ್ತರ ಆಸುಪಾಸು. ರಕ್ತದೊತ್ತಡಕ್ಕೆ ದಿನಾ ಒಂದು ಮಾತ್ರೆ. ಮಗ, ಸೊಸೆ ಬೆಂಗಳೂರಿನಲ್ಲಿ. ಅಟ್ಟದ ತುಂಬ ಕೊಬ್ಬರಿ. ತಿಪಟೂರು ಮಾರುಕಟ್ಟೆಯ ಧಾರಣೆ, ಬ್ಯಾಂಕಿನ ಹಣ, ಮೊಮ್ಮಗಳ ಮುಖ, ಎಲ್ಲವೂ ಈಗ ಅಂಗೈಯಗಲದ ಫೋನಿನೊಳಗೆ ಸೇರಿಕೊಂಡಿವೆ. ಆದರೆ ಆ ಫೋನು ಒಮ್ಮೆ ಸದ್ದು ಮಾಡಿದರೆ ಸಾಕು, ಅವರ ಎದೆ ಡವಡವ ಎನ್ನುತ್ತದೆ. ಒತ್ತಬಾರದ್ದನ್ನು ಒತ್ತಿ ಹಣ ಹೋದರೆ? ಯಾರನ್ನು ಕೇಳುವುದು? ಕೇಳಿದರೆ ನಕ್ಕಾರು ಎಂಬ ಅಳುಕು ಬೇರೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ಇಂಥ ಮನೆಗಳು ಒಂದೆರಡಲ್ಲ. ಇದು ಆರೋಗ್ಯದ ಅಂಕಣಕ್ಕೆ ಸೇರುವ ವಿಷಯವೇ ಎಂದು ನೀವು ಕೇಳಬಹುದು. ಖಂಡಿತ ಸೇರುತ್ತದೆ.

ಭಯಕ್ಕೂ ದೇಹಕ್ಕೂ ಏನು ನಂಟು?

ಹೆದರಿದಾಗ ನಮ್ಮ ದೇಹದಲ್ಲಿ ಅಡ್ರಿನಲಿನ್ ಎಂಬ ರಸದೂತ ಹೆಚ್ಚುತ್ತದೆ. ನಾಡಿ ಬಡಿತ ಏರುತ್ತದೆ, ರಕ್ತದೊತ್ತಡವೂ ಆ ಹೊತ್ತಿಗೆ ಏರುತ್ತದೆ. ಭಯ ಕಳೆದರೆ ಎರಡೂ ಇಳಿಯುತ್ತವೆ. ಆದರೆ ಅಳುಕು ದಿನವೂ ಇದ್ದರೆ ನಿದ್ರೆ ಕೆಡುತ್ತದೆ, ಊಟ ರುಚಿಸದು, ಮನಸ್ಸು ಮುದುಡುತ್ತದೆ. ಫೋನು ಬಾರದವರು ಕ್ರಮೇಣ ಮಕ್ಕಳೊಡನೆ, ನೆಂಟರೊಡನೆ ಮಾತನ್ನೂ ಕಡಿಮೆ ಮಾಡುತ್ತಾರೆ. ಒಂಟಿತನವನ್ನು ಇಂದು ವೈದ್ಯರು ಹಗುರವಾಗಿ ಎಣಿಸುವುದಿಲ್ಲ. ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಅದು ಕಾಡುತ್ತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2025ರಲ್ಲಿ ತಿಳಿಸಿದೆ. ಹೃದ್ರೋಗ, ಪಾರ್ಶ್ವವಾಯು, ಖಿನ್ನತೆಗಳಿಗೂ ಅದಕ್ಕೂ ನಂಟಿದೆ.

ಪಂಚಾಯತಿಯ ಪುಸ್ತಕದ ಮನೆ

ಈ ಭಯಕ್ಕೆ ಮಾತ್ರೆ ಇಲ್ಲ, ಕಲಿಕೆಯೇ ಔಷಧ. ಕಲಿಯಲು ದೂರ ಹೋಗಬೇಕಿಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಿಂದಾಗಿ ನಮ್ಮ ರಾಜ್ಯದಲ್ಲಿ ಗ್ರಂಥಾಲಯಗಳ ಜಾಲ ಬೆಳೆಯಿತು. 2019ರಲ್ಲಿ 5,600ಕ್ಕೂ ಹೆಚ್ಚು ಗ್ರಾಮ ಪಂಚಾಯತಿ ಗ್ರಂಥಾಲಯಗಳನ್ನು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವಹಿಸಲಾಯಿತು. ಕೊರೋನಾದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತಂದಿತು. ಇವುಗಳನ್ನೇ ಈಗ ‘ಅರಿವು ಕೇಂದ್ರ’ ಎನ್ನುತ್ತಾರೆ. ಪುಸ್ತಕ, ಪತ್ರಿಕೆಗಳ ಜೊತೆಗೆ ಅನೇಕ ಕೇಂದ್ರಗಳಿಗೆ ಕಂಪ್ಯೂಟರು, ದೊಡ್ಡ ಟಿವಿ, ಅಂತರ್ಜಾಲ ಬಂದಿವೆ. ‘ಗ್ರಾಮ ಡಿಜಿ ವಿಕಸನ’ ಎಂಬ ಯೋಜನೆ ಈ ಕಲಿಕೆಗೆಂದೇ ಇದೆ. ನಿಮ್ಮ ಪಂಚಾಯತಿಯಲ್ಲಿ ಏನೇನಿದೆ ಎಂದು ಮೇಲ್ವಿಚಾರಕರನ್ನು ವಿಚಾರಿಸಿ. ಕಂಪ್ಯೂಟರು ಇಲ್ಲದಿದ್ದರೂ ನಿಮ್ಮ ಫೋನನ್ನೇ ಹಿಡಿದು ಹೋಗಿ.

ಮನೆಯಲ್ಲೇ ಕಲಿಯಬಾರದೆ?

ಕಲಿಯಬಹುದು. ಆದರೆ ಮನೆಯಲ್ಲಿ ಆಗುವುದೇನು? “ತಾತ, ನಿಂಗೆ ಎಷ್ಟು ಸಲ ಹೇಳೋದು?” ಎಂದು ಮೊಮ್ಮಗ ಫೋನು ಕಸಿದುಕೊಂಡು ತಾನೇ ಒತ್ತಿಬಿಡುತ್ತಾನೆ. ಕೆಲಸವಾಯಿತು, ಕಲಿಕೆ ಆಗಲಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಹೆಚ್ಚುಕಡಿಮೆ ವರ್ಷ ಕಾಯುವ ನಾವು ಹಿರಿಯರು ಕಲಿಯುವಾಗ ಐದು ನಿಮಿಷ ಕಾಯಲಾರೆವೆ?

ಗ್ರಂಥಾಲಯದಲ್ಲಿ ಪಕ್ಕದಲ್ಲಿ ಕುಳಿತವರೂ ಕಲಿಯುವವರೇ ಆದ್ದರಿಂದ ನಾಚಿಕೆ ಇರುವುದಿಲ್ಲ. ಅಂಗಡಿಯಲ್ಲಿರುವಂತೆ ಏನನ್ನಾದರೂ ಕೊಳ್ಳಬೇಕೆಂಬ ಒತ್ತಾಯವೂ ಇಲ್ಲ.

ಈ ವಯಸ್ಸಿನಲ್ಲಿ ತಲೆಗೆ ಹತ್ತುವುದೇ ಎಂಬ ಸಂಶಯ ಬೇಡ. ಅಮೆರಿಕದಲ್ಲಿ 60ರಿಂದ 90 ವರ್ಷದವರ ಮೇಲೆ ನಡೆದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಡಿಜಿಟಲ್ ಛಾಯಾಗ್ರಹಣವನ್ನೂ, ಕೆಲವರಿಗೆ ನಮ್ಮ ಕೌದಿಯಂಥ ಹೊದಿಕೆ ಹೊಲಿಯುವುದನ್ನೂ ಮೂರು ತಿಂಗಳು ಕಲಿಸಿದರು. ಬರೀ ಒಟ್ಟಿಗೆ ಸೇರಿ ಕಾಲ ಕಳೆದವರಿಗಿಂತ ಹೊಸದನ್ನು ಕಲಿತವರ ನೆನಪಿನ ಶಕ್ತಿ ಹೆಚ್ಚು ಸುಧಾರಿಸಿತ್ತು. ಅವರು ವಾರಕ್ಕೆ ಸುಮಾರು 15 ಗಂಟೆ ಕಲಿತರು ಎಂಬುದನ್ನೂ ಮರೆಯಬಾರದು. ಒಂದು ದಿನದ ತರಬೇತಿಯಿಂದ ಆಗುವ ಕೆಲಸ ಇದಲ್ಲ.

ಮೊದಲು ಏನು ಕಲಿಯಬೇಕು?

1. ಅಕ್ಷರ ದೊಡ್ಡದು ಮಾಡುವುದು. ನಲವತ್ತು ದಾಟಿದವರಿಗೆ ಚಾಳೀಸು ಸಹಜ. ಎಷ್ಟೋ ಜನರಿಗೆ ಫೋನು ಬಾರದಿರುವುದಕ್ಕೆ ಕಾರಣ ದಡ್ಡತನವಲ್ಲ, ಅಕ್ಷರ ಕಾಣದಿರುವುದು. ಕನ್ನಡಕ್ಕೆ ಬದಲಾಯಿಸುವುದನ್ನೂ ಅಂದೇ ಕಲಿಯಿರಿ.

2. ಮುಖ ನೋಡಿ ಮಾತನಾಡುವುದು. ಮಕ್ಕಳಿಗೆ ನೀವಾಗಿಯೇ ಕರೆ ಮಾಡಿದ ದಿನ ಅರ್ಧ ಭಯ ಹೋಯಿತೆನ್ನಿ.

3. ಬಂದ ಸುದ್ದಿಯನ್ನು ತೂಗಿ ನೋಡುವುದು. “ಈ ಕಷಾಯ ಕುಡಿಯಿರಿ, ಸಕ್ಕರೆ ಕಾಯಿಲೆಯ ಮಾತ್ರೆ ಬಿಡಿ” ಎಂಬ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಬರೆದವರು ಯಾರು? ಯಾವಾಗ ಬರೆದದ್ದು? ಏನನ್ನಾದರೂ ಮಾರುತ್ತಿದ್ದಾರೆಯೇ? ಸಂದೇಶ ನಂಬಿ ಮಾತ್ರೆ ನಿಲ್ಲಿಸಬೇಡಿ. ಅದನ್ನು ಹೇಳಬೇಕಾದವರು ನಿಮ್ಮ ವೈದ್ಯರು.

4. ಮೋಸ ಗುರುತಿಸುವುದು. ಹೆದರುವವರ ಮೇಲೆ ಹಾವು ಎಸೆದಂತೆ, ಪೊಲೀಸರ ವೇಷದಲ್ಲಿ ವಿಡಿಯೊ ಕರೆ ಮಾಡಿ “ಡಿಜಿಟಲ್ ಅರೆಸ್ಟ್” ಎನ್ನುತ್ತಾರೆ. ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ, ಫೋನು ಇಟ್ಟುಬಿಡಿ. ಮದುವೆಯ ಕರೆಯೋಲೆ ಎಂದು ಅಪರಿಚಿತರು ಕಳಿಸಿದ್ದನ್ನು ತೆರೆಯಬೇಡಿ. ಓಟಿಪಿಯನ್ನು ಯಾರಿಗೂ ಹೇಳಬೇಡಿ. ಹಣ ಹೋಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ಸಿಗುವುದು ಕಷ್ಟ. ಮೋಸ ಹೋದದ್ದನ್ನು ಮನೆಯವರಿಂದ ಮುಚ್ಚಿಡಬೇಡಿ. ಮನೆಯವರೂ ಅವರನ್ನು ಬೈಯಬೇಡಿ.

ಕಣ್ಣು, ಕತ್ತು, ನಿದ್ರೆ

ಅರ್ಧ ಗಂಟೆಯ ಪಾಠ ಸಾಕು. 20 ನಿಮಿಷಕ್ಕೊಮ್ಮೆ ತಲೆ ಎತ್ತಿ, ಕಿಟಕಿಯಾಚೆ 20 ಅಡಿಗಿಂತ ದೂರದ ತೆಂಗಿನ ಮರವೊಂದನ್ನು 20 ಸೆಕೆಂಡು ನೋಡಿ. ಫೋನನ್ನು ಮಡಿಲಲ್ಲಿಟ್ಟು ಕತ್ತು ಬಗ್ಗಿಸದೆ ಮೇಜಿನ ಮೇಲಿಡಿ. ಮಲಗುವ ಒಂದು ಗಂಟೆ ಮೊದಲು ಅದನ್ನು ಬದಿಗಿಡಿ.

ಮಕ್ಕಳ ಸಮಸ್ಯೆ ಇದಕ್ಕೆ ತಿರುಗುಮುರುಗು. ಅವರಿಗೆ ಫೋನಿನ ಭಯವಿಲ್ಲ, ಗೀಳು. ಬೆಂಗಳೂರಿನ ನಿಮ್ಹಾನ್ಸ್ ಇಂಥವರಿಗಾಗಿಯೇ 2014ರಲ್ಲಿ ಪ್ರತ್ಯೇಕ ಚಿಕಿತ್ಸಾ ವಿಭಾಗ ತೆರೆಯಬೇಕಾಯಿತು. ಮಕ್ಕಳಿಗೂ ಗ್ರಂಥಾಲಯವೇ ಒಳ್ಳೆಯದು. ಅಲ್ಲಿ ಪರದೆಯ ಮುಂದೆ ನಾಲ್ವರು ಒಟ್ಟಿಗೆ ಕೂರುತ್ತಾರೆ, ಹೊತ್ತಿಗೆ ಮಿತಿ ಇರುತ್ತದೆ, ಪಕ್ಕದಲ್ಲೇ ಪುಸ್ತಕವಿರುತ್ತದೆ.

ಕೆಲವು ಎಚ್ಚರಿಕೆಗಳು

ಗ್ರಂಥಾಲಯದ ಕಂಪ್ಯೂಟರು ಹತ್ತು ಜನ ಬಳಸುವಂಥದು. ಕೆಲಸ ಮುಗಿದ ಮೇಲೆ ನಿಮ್ಮ ಖಾತೆಯಿಂದ ಹೊರಬರುವುದನ್ನು ಮರೆಯಬೇಡಿ. ಕಲಿಸುವವರು ಎಷ್ಟೇ ಒಳ್ಳೆಯವರಾಗಿರಲಿ, ಪಿನ್ ಸಂಖ್ಯೆಯನ್ನು ನೀವೇ ಒತ್ತಿ. ಹೋಗಲು ಸಂಕೋಚಪಡುವ ಹೆಣ್ಣುಮಕ್ಕಳು ಸ್ವಸಹಾಯ ಸಂಘದವರೆಲ್ಲ ಸೇರಿ ವಾರದಲ್ಲಿ ಒಂದು ಮಧ್ಯಾಹ್ನ ತಮಗಾಗಿ ಕೇಳಿಕೊಳ್ಳಬಹುದು.

ಗ್ರಂಥಾಲಯ ಆಸ್ಪತ್ರೆಯಲ್ಲ. ಎದೆನೋವು, ಇದ್ದಕ್ಕಿದ್ದಂತೆ ಬಾಯಿ ಸೊಟ್ಟಗಾಗುವುದು, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಫೋನಿನಲ್ಲಿ ಮದ್ದು ಹುಡುಕುತ್ತ ಕೂರದೆ 108ಕ್ಕೆ ಕರೆ ಮಾಡಿ. ಮನಸ್ಸಿನ ಕಳವಳ ವಾರಗಟ್ಟಲೆ ಇಳಿಯದಿದ್ದರೆ ಸರ್ಕಾರದ ಟೆಲಿ-ಮಾನಸ್ 14416 ಇದೆ. ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಒಂದು ಮಾತು. ಹಬ್ಬಕ್ಕೆ ಊರಿಗೆ ಹೋದಾಗ ಅಪ್ಪನಿಗೆ ಇನ್ನೊಂದು ಹೊಸ ಫೋನು ಕೊಡಿಸುವ ಬದಲು, ಅವರ ಜೊತೆ ನಡೆದು ಪಂಚಾಯತಿ ಗ್ರಂಥಾಲಯಕ್ಕೆ ಹೋಗಿ. ಮೇಲ್ವಿಚಾರಕರ ಪರಿಚಯ ಮಾಡಿಸಿ, ಹೆಸರು ಬರೆಸಿ ಬನ್ನಿ. ಮುಂದಿನ ವಾರ ಅವರು ಒಬ್ಬರೇ ಹೋದರೆ, ನಡಿಗೆಯೂ ಆಯಿತು, ನಾಲ್ಕು ಜನರೊಡನೆ ಮಾತೂ ಆಯಿತು, ಕಲಿಕೆಯೂ ಆಯಿತು. ರಕ್ತದೊತ್ತಡದ ಮಾತ್ರೆಯ ಜೊತೆಗೆ ಇಷ್ಟು ಪಥ್ಯ ಯಾರಿಗೂ ಕಷ್ಟವಲ್ಲ.